ಕಪ್ಪು ಪ್ಲೇಟಿನ ಕಾರುಗಳು: ಮಲೆನಾಡಿನ ಕೆಲವು ಟಿಪ್ಪಣಿಗಳು

ಸಾಗರ, ಜೋಗದ ರಸ್ತೆ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟ ಕಾರುಗಳು ಶನಿವಾರ ಬೆಳಗ್ಗೆ ಇಲ್ಲಿ ಸಾಲುಗಟ್ಟುತ್ತವೆ. ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇದ್ದರೆ ಅದು ಬಾಡಿಗೆಗೆ ಪಡೆದು ತಾವೇ ಓಡಿಸುವ ಕಾರು. ಓಡಿಸುವವನಿಗೆ ಗಾಡಿಯ ಬ್ರೇಕು ಹೊಸದು, ಮಲೆನಾಡಿನ ತಿರುವೂ ಹೊಸದು. ಇವೆರಡೂ ಸಾಲದೆಂದು ಮದ್ಯವನ್ನೂ ಜೊತೆಗೆ ಸೇರಿಸಿಕೊಳ್ಳುವ ಧೈರ್ಯ ಎಲ್ಲಿಂದ ಬರುತ್ತದೋ ತಿಳಿಯದು.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯಸಾರ ಇರುವಾಗ ವಾಹನ ಓಡಿಸಿದರೆ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ, ಅಥವಾ ಎರಡೂ. ಇಂಗ್ಲೆಂಡಿನಲ್ಲಿ ಈ ಮಿತಿ 80, ಥಾಯ್ಲೆಂಡಿನಲ್ಲಿ 50.

188ನೇ ಕಲಂ ಹೆಚ್ಚು ಜನ ಓದಿದಂತಿಲ್ಲ. ಕುಡಿದವನನ್ನು ಓಡಿಸಲು ಹುರಿದುಂಬಿಸಿದವರೂ ಅದೇ ಶಿಕ್ಷೆಗೆ ಗುರಿ. ‘ಏನಾಗಲ್ಲ, ನೀನೇ ಓಡ್ಸೋ’ ಎನ್ನುವ ಹಿಂದಿನ ಸೀಟಿನ ಗೆಳೆಯರು ಇದನ್ನು ತಿಳಿಯಬೇಕು.

ಹೊಳೆಬಾಗಿಲು, ಶರಾವತಿ ಹಿನ್ನೀರು

ಸಿಗಂದೂರಿಗೆ ಹೋಗುವವರು ಮೊದಲು ಇಲ್ಲಿ ಲಾಂಚಿಗೆ ಕಾಯುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಸಾಗರದ ಕಡೆ ಬರಬೇಕಾದವರು ಆ ದಡದಲ್ಲೇ ಉಳಿಯಬೇಕು, ಇಲ್ಲವೇ ಸುತ್ತುಬಳಸಿ ಬರಬೇಕು. 2025ರ ಜುಲೈ 14ರಂದು 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ಹಿನ್ನೀರಿನಾಚೆಯ ತುಮರಿ ಸುತ್ತಲಿನ ಜನ ದಶಕಗಳ ಕಾಲ ಕಾದು ಪಡೆದ ಸೇತುವೆ ಇದು. ಹೆರಿಗೆ ನೋವು ಬಂದವರು ಈಗ ಅಪರಾತ್ರಿಯಲ್ಲೂ ಆಸ್ಪತ್ರೆ ತಲುಪಬಹುದು. ಆದರೆ ಕುಡಿದ ಪ್ರವಾಸಿಗನಿಗೂ ಈಗ ಇರುಳಿನ ದಾರಿ ತೆರೆದಿದೆ. ಲಾಂಚ್ ಹಾಕುತ್ತಿದ್ದ ತಡೆಯನ್ನು ಇನ್ನು ಅವನೇ ತನಗೆ ಹಾಕಿಕೊಳ್ಳಬೇಕು.

ಹೊಸನಗರ, ಕಟ್ಟಿನಹೊಳೆ

ಕೊಡಚಾದ್ರಿಗೆ ಹೋಗುವವರು ತಮ್ಮ ಕಾರನ್ನು ಕೆಳಗೇ ಬಿಟ್ಟು ಊರಿನ ಜೀಪು ಹತ್ತುತ್ತಾರೆ. ‘ಈ ದಾರಿ ನಮ್ಮ ಕೈಲಾಗದು’ ಎಂದು ಯಾವ ನಾಚಿಕೆಯೂ ಇಲ್ಲದೆ ಒಪ್ಪುತ್ತಾರೆ. ದಾರಿ ಕೆಟ್ಟಿದ್ದಾಗ ಸ್ಟೇರಿಂಗ್ ಬಿಟ್ಟುಕೊಡುವವರು, ತಮ್ಮ ಕಣ್ಣು, ಕೈ ಹಿಡಿತ ತಪ್ಪಿದಾಗ ಮಾತ್ರ ಏಕೆ ಬಿಟ್ಟುಕೊಡುವುದಿಲ್ಲ? ಎಷ್ಟು ಯೋಚಿಸಿದರೂ ಇದು ನನಗೆ ಬಗೆಹರಿದಿಲ್ಲ.

ಒಂದು ಲೆಕ್ಕ

ಒಂದು ಕ್ವಾರ್ಟರ್ ವಿಸ್ಕಿಯಲ್ಲಿ, ಅಂದರೆ 180 ಮಿ.ಲೀ.ನಲ್ಲಿ, ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಯಕೃತ್ತು ಗಂಟೆಗೆ ಇಳಿಸುವುದು 100 ಮಿ.ಲೀ. ರಕ್ತಕ್ಕೆ ಸುಮಾರು 15 ಮಿ.ಗ್ರಾಂ. ಮಾತ್ರ. 70 ಕಿಲೋ ತೂಕದವನು ರಾತ್ರಿ 8ಕ್ಕೆ ಶುರುಮಾಡಿ ಎರಡು ಕ್ವಾರ್ಟರ್ ಮುಗಿಸಿದನೆನ್ನಿ. ಮರುದಿನ ಬೆಳಗ್ಗೆ 9ಕ್ಕೂ ಅವನ ರಕ್ತದಲ್ಲಿ ಅಂದಾಜು 60 ಮಿ.ಗ್ರಾಂ. ಉಳಿದಿರುತ್ತದೆ, ಮಿತಿಯ ಎರಡರಷ್ಟು. ಕಾಫಿ, ತಣ್ಣೀರ ಸ್ನಾನ, ಮಜ್ಜಿಗೆ ಇವು ನಿದ್ದೆಯನ್ನು ಓಡಿಸಬಹುದು, ರಕ್ತದಲ್ಲಿರುವುದನ್ನು ಇಳಿಸಲಾರವು. ‘ರಾತ್ರಿ ಕುಡಿದದ್ದು, ಈಗೇನೂ ಇಲ್ಲ’ ಎನ್ನುವ ಮಾತೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಆ ಹೊತ್ತಿಗೆ ರಸ್ತೆಯಲ್ಲಿ ಯಾರಿರುತ್ತಾರೆ? ಡೈರಿಗೆ ಹಾಲು ಹಾಕಿ ಮರಳುವವರು, ಬಸ್ಸಿಗೆ ನಿಂತ ಶಾಲೆಯ ಮಕ್ಕಳು, ತೋಟದ ಕೆಲಸಕ್ಕೆ ನಡೆದು ಹೊರಟ ಹೆಂಗಸರು. ಮಳೆಗಾಲವಾದರೆ ಡಾಂಬರಿನ ಮೇಲೆ ಮಲಗಿದ ದನಗಳು.

ತೀರ್ಥಹಳ್ಳಿ, ಆಗುಂಬೆ

ಸೂರ್ಯಾಸ್ತ ನೋಡಿ ಸೋಮೇಶ್ವರದ ಕಡೆ ಇಳಿಯುವವರಿಗೆ ಮುಂದೆ 14 ಹೇರ್‌ಪಿನ್ ತಿರುವು, ಕತ್ತಲು, ಎಷ್ಟೋ ದಿನ ಮಂಜು. ದಾರಿಬದಿಯಲ್ಲಿ ಖಾಲಿ ಬಾಟಲಿಗಳು ಬಿದ್ದಿರುತ್ತವೆ. ಕುಡಿದವರೆಲ್ಲ ಓಡಿಸಿದ್ದಾರೆ ಎಂದು ಹೇಳಲಾರೆ. ಆದರೆ ಬಾಟಲಿ ಖಾಲಿಯಾದ ಮೇಲೆ ಯಾರೋ ಒಬ್ಬರು ಗಾಡಿ ತೆಗೆದಿರಲೇಬೇಕು.

ಮಲೆನಾಡಿನ ಈ ರಸ್ತೆಗಳಲ್ಲಿ ಪೆಟ್ಟಾದರೆ ದೊಡ್ಡ ಆಸ್ಪತ್ರೆ ದೂರ. ಸಾಗರದಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೇ ಸುಮಾರು 70 ಕಿ.ಮೀ. ಕುಡಿದು ಗುದ್ದಿದ್ದು ಸಾಬೀತಾದರೆ ಕಾರಿನ ರಿಪೇರಿಗೆ ವಿಮೆಯ ಹಣವೂ ಬಾರದು.

ಹೋಂಸ್ಟೇ ನಡೆಸುವವರಿಗೆ

ಪೊಲೀಸರು ಪ್ರತಿ ಕಾಡುದಾರಿಯಲ್ಲೂ ಊದಿಸುವ ಯಂತ್ರ ಹಿಡಿದು ನಿಲ್ಲಲಾರರು. ರಾತ್ರಿ ಎಷ್ಟು ಹೊತ್ತಿನವರೆಗೆ ಕೂತಿದ್ದರು, ಬೆಳಗ್ಗೆ ಎಷ್ಟಕ್ಕೆ ಹೊರಟರು ಎಂಬುದು ಸರಿಯಾಗಿ ಗೊತ್ತಿರುವುದು ಮನೆಯ ಯಜಮಾನರಿಗೆ. ಬುಕಿಂಗಿಗೆ ಫೋನು ಬಂದಾಗ ಸಸ್ಯಾಹಾರವೋ ಮಾಂಸಾಹಾರವೋ ಎಂದು ಕೇಳುತ್ತೀರಿ. ಮರುದಿನ ಗಾಡಿ ಓಡಿಸುವವರು ಯಾರೆಂದೂ ಕೇಳಿ, ಆ ಒಬ್ಬರು ಕುಡಿಯಬಾರದೆಂದು ಆಗಲೇ ಹೇಳಿ. ಬೆಳಗ್ಗೆ 10ಕ್ಕೆ ಕೋಣೆ ಖಾಲಿ ಮಾಡಿ ಎಂಬ ನಿಯಮವನ್ನು ಅಮಲಿಳಿಯದವರಿಗೆ ಹಾಕಬೇಡಿ. ಮಧ್ಯಾಹ್ನದ ಊಟ ಹಾಕಿ, ಮಲಗಲು ಬಿಡಿ. ಹೊರಡಲೇಬೇಕೆಂದರೆ ಊರಿನ ಒಬ್ಬ ಡ್ರೈವರನ್ನು ಕರೆಸಿಕೊಡಿ. ಆ ಡ್ರೈವರಿಗೆ ಅದರಿಂದ ಒಂದು ದಿನದ ಸಂಬಳವೂ ಆಗುತ್ತದೆ.