ನಾಲ್ಕೂವರೆಯ ಕಲೆ

ಅಪ್ಪಯ್ಯ ಕಳಸದ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದರು. ಕೈಯಲ್ಲಿ ಎಚ್‌ಎಂಟಿ ಜನತಾ ವಾಚು. ಬೆಳಗ್ಗೆ ಎದ್ದು ಅದಕ್ಕೆ ಕೀ ಕೊಟ್ಟು, ಅದನ್ನೇ ನೋಡಿ ಹಾಜರಿ ಕೂಗುತ್ತಿದ್ದರು. ಮಳೆಗಾಲದಲ್ಲಿ ಗಾಜಿನೊಳಗೆ ಹಬೆ ಕೂರುತ್ತಿತ್ತು. ರಾತ್ರಿ ಅಕ್ಕಿ ಡಬ್ಬಿಯಲ್ಲಿ ಇಟ್ಟು ಒಣಗಿಸುತ್ತಿದ್ದರು. ಆದರೂ ಡಯಲ್ ಮೇಲೆ ನಾಲ್ಕು-ಐದರ ನಡುವೆ ಕಂದು ಕಲೆ ಎದ್ದಿತು. ‘ರೈಟರ ವಾಚಲ್ಲಿ ನಾಲ್ಕೂವರೆಗೇ ತುಕ್ಕು ಹಿಡಿದಿದೆ, ಅದಕ್ಕೇ ನಮ್ಮನ್ನು ಕೆಲಸದಿಂದ ಬಿಡೋದಿಲ್ಲ’ ಎಂದು ಲೈನ್ ಮನೆಯ ಹೆಂಗಸರು ನಗುತ್ತಿದ್ದರು.

ಅಪ್ಪಯ್ಯ ಹೋದ ಮೇಲೆ ವಾಚೂ ನಿಂತಿತು. ನಾವು ಅಣ್ಣ-ತಂಗಿ ಅದನ್ನು ಪೇಟೆಯಲ್ಲಿ ರಿಪೇರಿಗೆ ಕೊಟ್ಟು, ‘ಹೊಸದರ ಹಾಗೆ ಮಾಡಿಕೊಡಿ’ ಎಂದೆವು. ಹಾಗೆಯೇ ಬಂತು. ಅಮ್ಮ ಕನ್ನಡಕ ಏರಿಸಿ ನೋಡಿ, ‘ಇದು ಯಾರದ್ದು?’ ಎಂದರು.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಡಯಲ್ ನೋಡಲು ಕಲಿತೆವು. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರುಮಾಡಿತು. ವಾಚು ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಈಗ ಹಳೆಯ ವಾಚುಗಳಿಗೆ ಬೇಡಿಕೆ ಇದೆ. ಅದರ ಬೆನ್ನಿಗೇ ಮತ್ತೆ ಬಣ್ಣ ಹೊಡೆದು ಅಚ್ಚು ಹಾಕಿದ ಡಯಲ್‌ಗಳೂ ಬಂದಿವೆ. ಇವಕ್ಕೆ ‘ರೀಡಯಲ್’ ಎನ್ನುತ್ತಾರೆ. ಕಪ್ಪು ಡಯಲ್‌ನ ಪೈಲಟ್‌ ವಾಚಿನಲ್ಲಂತೂ ಇಂಥವು ಬಹಳ.

ಗುರುತು ಹಿಡಿಯಲು ಒಂದು ಭೂತಗನ್ನಡಿ ಸಾಕು. ಕಾರ್ಖಾನೆಯ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ. ಮರು ಅಚ್ಚಿನಲ್ಲಿ ಶಾಯಿ ಹರಡಿ ಅಕ್ಷರ ದಪ್ಪಗಾಗಿರುತ್ತದೆ. ನಿಮಿಷದ ಗೆರೆಗಳು ಗಂಟೆಯ ಕಡ್ಡಿಗಳಿಗೆ ನೇರ ಕೂರುವುದಿಲ್ಲ. ಕಡ್ಡಿಗಳ ಬುಡದಲ್ಲಿ ಬಣ್ಣ ಮೆತ್ತಿರುತ್ತದೆ. ಆರರ ಕೆಳಗೆ ಅಂಚಿನಲ್ಲಿ ಇರಬೇಕಾದ ಸಣ್ಣ ಅಂಕಿ-ಅಕ್ಷರಗಳು ಅಳಿಸಿಹೋಗಿರುತ್ತವೆ, ಇಲ್ಲವೇ ತಪ್ಪಾಗಿರುತ್ತವೆ. ಮುಳ್ಳು ಮುದಿಯಾಗಿ ಡಯಲ್ ಮಾತ್ರ ಎಳೆಯದಾಗಿದ್ದರೂ ಅನುಮಾನಪಡಬೇಕು.

ನಮ್ಮ ವಾಚಿನಲ್ಲಿ ಇವೆಲ್ಲವೂ ಇದ್ದವು. ಯಾರೋ ಡಯಲ್ ಬದಲಿಸಿದ್ದಾರೆ ಎಂದುಕೊಂಡು ಅಂಗಡಿಗೆ ಹೋಗಿ, ‘ಹಳೇ ಡಯಲ್ ವಾಪಸ್ ಕೊಡಿ’ ಎಂದೆವು. ‘ಅದೇ ಇದು. ಉಜ್ಜಿ ಬಣ್ಣ ಹೊಡೆಸಿದ್ದು. ಹೊಸದರ ಹಾಗೆ ಬೇಕು ಅಂದವರು ನೀವೇ ಅಲ್ಲವಾ?’ ಎಂದರು. ನಮ್ಮಲ್ಲಿ ಉತ್ತರ ಇರಲಿಲ್ಲ. ತಗಡು ಅಪ್ಪಯ್ಯನದೇ. ಕಲೆ ಮಾತ್ರ ಇನ್ನು ಬರುವುದಿಲ್ಲ.

ಸಂಗ್ರಹಕಾರರು ಎರಡು ವಿಷಯಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ: ಡಯಲ್ ಅಸಲಿಯೇ, ಅದು ಯಾವ ಸ್ಥಿತಿಯಲ್ಲಿದೆ. ಕಲೆ ಬಿದ್ದ ಅಸಲಿ ಡಯಲ್ಲಿಗೆ, ಥಳಥಳಿಸುವ ರೀಡಯಲ್‌ಗಿಂತ ಅವರಲ್ಲಿ ಹೆಚ್ಚು ಬೆಲೆ. ನಾವು ಸ್ಥಿತಿ ಸುಧಾರಿಸಲು ಹೋಗಿ ಅಸಲಿಯನ್ನು ಕಳೆದೆವು. ಬೇರೆಯವರ ಹೇಳಿಕೆಯಲ್ಲಿ ಒಂದು ಪದ ಬದಲಾದರೂ ಡೆಸ್ಕಿನವರ ಜೊತೆ ಜಗಳವಾಡುವ ನಾವೇ!

ನಿಮ್ಮ ಮನೆಯ ಬೀರುವಿನಲ್ಲಿ ಅಂಥದ್ದೊಂದು ವಾಚು ಇದ್ದರೆ, ರಿಪೇರಿಗೆ ಕೊಡುವ ಮೊದಲು ಡಯಲ್‌ನ ಫೋಟೊ ತೆಗೆದಿಡಿ. ಯಂತ್ರ ಬಿಚ್ಚಿ ತೊಳೆದು ಎಣ್ಣೆ ಹಾಕಲಿ, ಗೀರು ಬಿದ್ದ ಗಾಜು ಬದಲಿಸಲಿ. ಆದರೆ ‘ಡಯಲ್ ಮುಟ್ಟಬೇಡಿ’ ಎಂದು ಚೀಟಿಯಲ್ಲೇ ಬರೆಸಿ.

ನಮ್ಮ ವಾಚು ಈಗ ಸರಿಯಾಗಿ ನಡೆಯುತ್ತಿದೆ. ಈ ಮಳೆಗಾಲದಲ್ಲಿ ಅಮ್ಮ ಅದನ್ನು ಅಕ್ಕಿ ಡಬ್ಬಿಯಲ್ಲಿ ಇಡಲಿಲ್ಲ.