ಆರರವರೆಗೆ ಏರಿ ಇಳಿಯುವ ಸಂಖ್ಯೆ

ಬಯಾನ್ ಲೆಪಾಸಿನಲ್ಲಿ ನೆಲೆಸಿರುವ ನಮ್ಮಂಥವರಿಗೆ ದೊಡ್ಡ ಸಂಖ್ಯೆಗಳು ಅಪರೂಪವಲ್ಲ. 1972ರಲ್ಲಿ ಆರಂಭವಾದ ಇಲ್ಲಿನ ಕೈಗಾರಿಕಾ ವಲಯದ ಚಿಪ್‌ಗಳ ಲೋಕದಲ್ಲಿ ಎಲ್ಲವೂ ಕೋಟಿಗಳ ಲೆಕ್ಕವೇ. ಆದರೂ ಕಳೆದ ತಿಂಗಳು ಒಂದು ಸಂಖ್ಯೆ ನಮ್ಮ ಮನೆಯ ಸಂಜೆಯೊಂದನ್ನು ಪೂರ್ತಿಯಾಗಿ ತನ್ನದಾಗಿಸಿಕೊಂಡಿತು.

ಮಗಳು 111111ನ್ನು ಅದೇ ಸಂಖ್ಯೆಯಿಂದ ಗುಣಿಸಹೊರಟಿದ್ದಳು. ಅವಳ ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿಗಳಿಗೆ ಸ್ಥಳ, ಅದು ಸೋತಿತು. ಕಾಗದದ ಮೇಲೆ ಆರು ಸಾಲು ಬರೆದೆವು. ಪ್ರತಿ ಸಾಲಿನಲ್ಲಿಯೂ ಆರು ಒಂದುಗಳು. ಪ್ರತಿ ಸಾಲೂ ಹಿಂದಿನದಕ್ಕಿಂತ ಒಂದು ಸ್ಥಾನ ಎಡಕ್ಕೆ. ಕೂಡಿದಾಗ ದೊರೆತದ್ದು 12345654321. ಒಂದೊಂದು ಸ್ಥಾನದಲ್ಲಿ ಎಷ್ಟು ಒಂದುಗಳು ಸೇರುತ್ತವೆಯೋ ಅದೇ ಅಲ್ಲಿನ ಅಂಕಿ. ಯಾವ ಮೊತ್ತವೂ ಒಂಬತ್ತನ್ನು ದಾಟದ ಕಾರಣ ದಶಕ ಒಯ್ಯುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೆ ಈ ಸೊಗಸು ಉಳಿಯುತ್ತದೆ, ಹತ್ತನೆಯದರಲ್ಲಿ ಕೆಡುತ್ತದೆ.

ಈ ಸಂಖ್ಯೆ ನಮ್ಮ ನಾಡಿಗೆ ಹೊಸದಲ್ಲ. ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬರುತ್ತದೆ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಅವರು ಇದನ್ನು ಹೇಳುತ್ತಾರೆ. 27994681ನ್ನು 441ರಿಂದ ಗುಣಿಸಿದರೂ ಇದೇ ಫಲ. ಕಾರಣ ಸರಳ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, 21ನ್ನು 5291ರಿಂದ ಗುಣಿಸಿದರೆ 111111. ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಿಸಿಕೊಳ್ಳುವ ಇಂಥ ಗುಣಲಬ್ಧಗಳಲ್ಲಿ ಕೆಲವನ್ನು ಅವರು ಕಂಠಹಾರಕ್ಕೆ ಹೋಲಿಸಿದ್ದಾರೆ.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಮಳಖೇಡ. ಅದಕ್ಕೆ ಸಮೀಪದ ಸೇಡಂನಲ್ಲಿರುವ ಆಯಿಗೆ ಮಗಳು ವಿಡಿಯೊ ಕರೆಯಲ್ಲಿ ಕಾಗದವನ್ನು ತೋರಿಸಿ, "ಟ್ವೆಲ್ವ್ ಬಿಲಿಯನ್" ಎಂದು ಓದತೊಡಗಿದಳು. ಆಯಿಗೆ ಬಿಲಿಯನ್ ತಿಳಿಯದು. "ಎಷ್ಟು ಕೋಟಿ ಆತವ್ವಾ?" ಎಂದರು. ಮಗಳಿಗೆ ಕೋಟಿ ತಿಳಿಯದು. ಇಬ್ಬರೂ ನಮ್ಮ ಮುಖ ನೋಡಿದರು. ಹತ್ತು ವರ್ಷಗಳಲ್ಲಿ ನಾವು ಅವಳಿಗೆ ನೂರರಾಚೆಯ ಕನ್ನಡ ಎಣಿಕೆಯನ್ನೇ ಕಲಿಸಿರಲಿಲ್ಲ. ಗಣಿತವನ್ನು ಶಾಲೆ ನೋಡಿಕೊಳ್ಳುತ್ತದೆ ಎಂದು ನಂಬಿದ್ದ ನಮಗೆ ಅಂದು ನಾಚಿಕೆಯಾಯಿತು.

ಮಗಳು ಶಾಲೆಯ ಪದ್ಧತಿಯಂತೆ 12,345,654,321 ಎಂದು ಬರೆದಿದ್ದಳು. ಅಲ್ಪವಿರಾಮಗಳನ್ನು ಸರಿಸಿ 12,34,56,54,321 ಎಂದು ಬರೆದುಕೊಟ್ಟೆವು. ಆಯಿ ಮುಂದಾಗಿ, ಮಗಳು ಹಿಂದಾಗಿ ಓದಿದರು: ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಮೂರನೆಯ ಸಲ ಅವಳೊಬ್ಬಳೇ ತಡವರಿಸದೆ ಓದಿದಳು.

ಈಗ ಪ್ರತಿ ಭಾನುವಾರ ಒಂದೊಂದು ಸಂಖ್ಯೆ. ಏಳು ಒಂದುಗಳ ವರ್ಗವನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬುದು ಆಯಿ ಕೊಟ್ಟಿರುವ ಪಾಠ. ಸದಸ್ಯ ಕುಟುಂಬಗಳ ಮಕ್ಕಳೂ ಪ್ರಯತ್ನಿಸಬಹುದು. ಉತ್ತರ ಒಂದು ಲಕ್ಷ ಕೋಟಿಯನ್ನು ದಾಟುತ್ತದೆ ಎಂದಷ್ಟೇ ತಿಳಿಸಿರುತ್ತೇವೆ.