ಸಹಿ ಯಾರದು?

ಅಬಿಡ್ಸಿನ ಜನರಲ್ ಪೋಸ್ಟ್ ಆಫೀಸಿಗೆ ಹತ್ತಿರದ ಗಲ್ಲಿಯಲ್ಲಿ ಮಗನ ಫ್ಲ್ಯಾಟು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನನ್ನ ವಾಸವೂ ಅಲ್ಲೇ. ಭಾನುವಾರ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹುಡುಕುತ್ತಿದ್ದಾಗ ಪರಿಚಯವಾದವರು ಕಲಬುರಗಿ ಕಡೆಯ ಒಬ್ಬರು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ಸ್ನೇಹ ತಾನಾಗಿ ಬೆಳೆಯುತ್ತದೆ.

ಕಳೆದ ವರ್ಷ ಅವರು ಮನೆಗೆ ಬಂದರು. "ನಮ್ಮ ಶೂಟಿಂಗ್ ಕ್ಲಬ್ಬಿಗೆ ನೀವು ಕಾರ್ಯದರ್ಶಿ ಆಗಬೇಕ್ರಿ. ಬರೇ ಸಹಿ ಹಾಕೂದು, ಬ್ಯಾರೆ ಏನೂ ಕೆಲಸಿಲ್ಲ" ಅಂದರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಗಗನ್ ನಾರಂಗ್ ಬೆಳೆದ ಊರಿದು. ನನ್ನ ಮೊಮ್ಮಗಳೂ ಅದೇ ಕ್ಲಬ್ಬಿನಲ್ಲಿ ಕಲಿಯುತ್ತಾಳೆ. ಇಲ್ಲ ಅನ್ನುವುದು ಕಷ್ಟ.

"ರೈಫಲ್‌ಗಳ ಜವಾಬ್ದಾರಿ ಯಾರದು ಮಾರಾಯ್ರೇ?" ಎಂದೆ.

"ಕ್ಲಬ್ಬಿಂದರಿ."

ನನಗೆ ಹಳೆಯ ಬ್ರಾಂಚು ನೆನಪಾಯಿತು. ಮ್ಯಾನೇಜರಾಗಿ ಚಾರ್ಜ್ ತೆಗೆದುಕೊಂಡ ದಿನ, ಬಂದೂಕು ಒಂದು, ತೋಟಾ 20 ಎಂದಿದ್ದ ಪಟ್ಟಿಗೆ ಎಣಿಸದೆ ಸಹಿ ಹಾಕಿದ್ದೆ. ಲೈಸೆನ್ಸ್ ನವೀಕರಣದ ಹೊತ್ತಿಗೆ ಎಣಿಸಿದರೆ 16! ಗಾರ್ಡು ಹೊಸಬ, ಹಿಂದಿನ ಮ್ಯಾನೇಜರು ಎಲ್ಲೋ ದೂರದಲ್ಲಿ. ಠಾಣೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಸಹಿ ಯಾರದು?" ಮೂರು ರಾತ್ರಿ ನಿದ್ದೆಯಿಲ್ಲ. ಕೊನೆಗೆ, ಪರೀಕ್ಷೆಗೆಂದು ನಾಲ್ಕು ತೋಟಾ ಹಾರಿಸಿದ್ದ ಚೀಟಿ ಹಳೇ ಫೈಲಿನಲ್ಲಿ ಸಿಕ್ಕಿ ಜೀವ ಬಂತು. ಬಂದೂಕು ಬ್ಯಾಂಕಿನದಾದರೂ ಭಯವೆಲ್ಲ ನನ್ನದೇ ಆಗಿತ್ತು.

ಕ್ಲಬ್ಬಿನ ಕಥೆಯೂ ಬೇರೆಯಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 33ನೇ ಸೆಕ್ಷನ್ ಕಂಪನಿಗಳ ಅಪರಾಧದ ಬಗ್ಗೆ ಹೇಳುತ್ತದೆ. ಅಲ್ಲಿ ಕಂಪನಿ ಎಂದರೆ ಹತ್ತು ಜನ ಸೇರಿ ಕಟ್ಟಿಕೊಂಡ ಸಂಘವೂ ಹೌದು. ತಪ್ಪು ನಡೆದರೆ ಸಂಸ್ಥೆಯ ಜೊತೆಗೆ, ಆ ಹೊತ್ತಿಗೆ ಅದರ ವ್ಯವಹಾರದ ಹೊಣೆ ಹೊತ್ತವರೂ ಅಪರಾಧಿಗಳೇ. ನನಗೆ ಗೊತ್ತಿಲ್ಲದೆ ಆಯಿತು ಅಂದರೆ ಸಾಲದು. ತಡೆಯಲು ಬೇಕಾದ ಎಲ್ಲ ಎಚ್ಚರ ವಹಿಸಿದ್ದೆ ಎಂಬುದನ್ನೂ ಅವರೇ ಸಾಬೀತು ಮಾಡಬೇಕು. ಬಾಯಿಮಾತು ಅಲ್ಲಿ ನಡೆಯುವುದಿಲ್ಲ, ರಿಜಿಸ್ಟರ್ ಬೇಕು.

ಇದನ್ನೆಲ್ಲ ಬಿಡಿಸಿ ಹೇಳಿ ಮೂರು ಷರತ್ತು ಹಾಕಿದೆ. ಬೀಗಕ್ಕೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಪ್ರತಿ ಗುಂಡಿಗೂ ಲೆಕ್ಕ. ದಿನಾ ಸಂಜೆ ಎಣಿಸಿ ಇಬ್ಬರ ಸಹಿ. ಅವರ ಮುಖ ಸಣ್ಣದಾಯಿತು. "ನಮ್ಮವರ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಎಂದು ಎದ್ದು ಹೋದರು. ಸ್ನೇಹ ಮುಗಿಯಿತೆಂದುಕೊಂಡೆ. ವಾರದ ಮೇಲೆ ಹೊಸ ರಿಜಿಸ್ಟರ್ ಹಿಡಿದುಕೊಂಡು ಬಂದು, "ಗೆರಿ ನೀವ ಹಾಕ್ರಿ" ಅಂದರು.

ಈಗ ಎಣಿಸಿ ಬೀಗ ಹಾಕುವವರೆಗೆ ಮೊಮ್ಮಗಳು ಕಾಯಬೇಕು. "ಅಜ್ಜಾ, ನಿನ್ನೆ ಇದ್ದಷ್ಟೇ ಇವತ್ತೂ ಇರುತ್ತಲ್ವಾ?" ಎಂದು ಗೊಣಗುತ್ತಾಳೆ.

ಹಾಗೇ ಇರಲಿ ಅಂತಲೇ ಎಣಿಸುವುದು, ಮಗಾ.